ಊಟ ಕಳೆದು ಉಳಿದ ಶುಲ್ಕ

ಮನುಷ್ಯನಿಗೆ ತನ್ನ ಕಸುಬನ್ನು ಬೈದುಕೊಳ್ಳಲು ಅದೇ ಕಸುಬಿನ ಇನ್ನೊಬ್ಬ ಮನುಷ್ಯ ಬೇಕು. ಹೊಗಳಿಕೊಳ್ಳುವುದಾದರೆ ಯಾರಾದರೂ ಆದೀತು. ಹೆಂಡತಿ, ಬೀಗರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತು ತೂಕಡಿಸುವವರು, ಎಲ್ಲರೂ ನಡೆಯುತ್ತಾರೆ. ಬೈದುಕೊಳ್ಳಲು ಮಾತ್ರ ಆ ಬೈಗುಳದ ರುಚಿ ಗೊತ್ತಿದ್ದವರೇ ಆಗಬೇಕು. ಗೋಕುಲ ರಸ್ತೆಯಲ್ಲಿ ನನ್ನ ಬಾಡಿಗೆ ಕೋಣೆಯ ಎಡಕ್ಕೆ ಲೇಥ್ ಮಷಿನಿನವರು, ಬಲಕ್ಕೂ ಲೇಥ್ ಮಷಿನಿನವರು. ಬೆಳಗಿನಿಂದ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದ ಅವರಿಬ್ಬರೂ ನಾಲ್ಕು ಗಂಟೆಯ ಚಹಾಕ್ಕೆ ನನ್ನ ಬಾಗಿಲ ಮುಂದಿನ ಕಟ್ಟೆಗೆ ಬಂದು ಕೂತು, ಕೆಟ್ಟ ಕಬ್ಬಿಣವನ್ನೂ ಹೋಗುವ ಕರೆಂಟನ್ನೂ ಹರಿಯುವ ಬೆಲ್ಟನ್ನೂ ಎಷ್ಟು ಸವಿದು ಸವಿದು ಬೈಯುತ್ತಿದ್ದರೆಂದರೆ, ನಡುವೆ ಕೂತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಕಸುಬು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು. ಅದನ್ನು ಬೈಯಲು ಇಡೀ ರಸ್ತೆಯಲ್ಲಿ ಇದ್ದವನು ನಾನೊಬ್ಬನೇ, ಕೇಳಲು ಇದ್ದವನೂ ನಾನೇ.

ಕಂಪ್ಯೂಟರುಗಳು ಆಗಷ್ಟೇ ಹುಬ್ಬಳ್ಳಿಯ ಅಂಗಡಿಗಳ ಒಳಗೆ ಹೆಜ್ಜೆ ಇಡುತ್ತಿದ್ದ ಕಾಲ ಅದು. ಅವುಗಳ ಮೇಲೆ ಜರಿ ಅಂಚಿನ ಮುಸುಕು ಹೊದಿಸಿ, ಅಮಾವಾಸ್ಯೆಗೆ ಕುಂಕುಮ ಹಚ್ಚುತ್ತಿದ್ದರು. ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಂಪ್ಯೂಟರ್ ಮಾಸ್ತರ ಎಂದು. ಹೆಸರಿನಲ್ಲಿ ಮರ್ಯಾದೆ ಇತ್ತು, ಕೆಲಸದ ಕಲ್ಪನೆ ಮಾತ್ರ ಯಾರಿಗೂ ಇರಲಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಕೊಡಿ ಎಂದು ಬರುತ್ತಿದ್ದರು. ಜಾತಕ ತೆಗೆಸಲು ಬರುತ್ತಿದ್ದರು. ಒಮ್ಮೆ ಓಣಿಯ ಅಜ್ಜಿಯೊಬ್ಬರು ಕೆಟ್ಟ ಮಿಕ್ಸರ್ ತಂದು ಮೇಜಿನ ಮೇಲಿಟ್ಟು, ‘ಅದರಾಗೂ ವಾಯರ್ ಅದಾವ, ಇದರಾಗೂ ವಾಯರ್ ಅದಾವ, ನೋಡಪಾ ಸ್ವಲ್ಪ’ ಎಂದರು. ನೋಡಿದೆ. ವಾಯರ್ ಕಿತ್ತಿತ್ತು, ಜೋಡಿಸಿಕೊಟ್ಟೆ. ಆ ರಸ್ತೆಯಲ್ಲಿ ನನ್ನ ಕೆಲಸವನ್ನು ಬಾಯ್ತುಂಬ ಹೊಗಳಿದವರು ಅವರೊಬ್ಬರೇ.

ನನ್ನ ದೊಡ್ಡ ಗಿರಾಕಿ ಹತ್ತಿ ವ್ಯಾಪಾರದ ಸಾವುಕಾರರು. ಅವರ ಅಂಗಡಿಯಲ್ಲಿ ಎರಡು ಕಂಪ್ಯೂಟರು, ಇಬ್ಬರು ಗುಮಾಸ್ತರು. ಯಾವ ಗಾಡಿಯಿಂದ ಎಷ್ಟು ಹತ್ತಿ ಇಳಿಯಿತು ಎಂದು ಇಬ್ಬರೂ ತುಂಬಬೇಕು. ಅದಕ್ಕೆ ನಾನು ಬರೆದ ಪ್ರೋಗ್ರಾಮ್ ಛಲೋ ನಡೆಯುತ್ತಿತ್ತು. ಆದರೆ ಅದಕ್ಕೊಂದು ರೋಗವಿತ್ತು. ಇಬ್ಬರೂ ಒಂದೇ ಗಾಡಿಯ ಪುಟವನ್ನು ಒಂದೇ ಹೊತ್ತಿಗೆ ತೆರೆದು ತುಂಬಿದರೆ, ಮೊದಲು ಮುಗಿಸಿದವನು ತುಂಬಿದ್ದೆಲ್ಲ ಮಾಯವಾಗಿ, ಎರಡನೆಯವನದು ಮಾತ್ರ ಉಳಿಯುತ್ತಿತ್ತು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡೆ. ಇದ್ದ ಎರಡು ಪುಸ್ತಕ ಓದಿದೆ. ಒಬ್ಬರು ತುಂಬುವಾಗ ಇನ್ನೊಬ್ಬರಿಗೆ ಪುಟ ತೆರೆಯದಂತೆ ಬೀಗ ಹಾಕುವ ವಿದ್ಯೆಯನ್ನು ಅರ್ಧ ಕಲಿತು ಪ್ರೋಗ್ರಾಮಿಗೆ ಹಾಕಿದರೆ, ಇಬ್ಬರ ಪರದೆಗಳೂ ಒಟ್ಟಿಗೆ ನಿಂತುಬಿಟ್ಟವು. ಕೊನೆಗೆ ಸಾಕಾಗಿ, ಸಾವುಕಾರರ ಹಳೆಯ ತಕ್ಕಡಿಯ ಅರ್ಧ ಕಿಲೋದ ಹಿತ್ತಾಳೆ ಕಲ್ಲನ್ನು ಎತ್ತಿ ಎರಡು ಮೇಜುಗಳ ನಡುವೆ ಇಟ್ಟೆ. ಈ ಕಲ್ಲು ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ತುಂಬಬೇಕು, ಮುಗಿದ ಮೇಲೆ ಕಲ್ಲನ್ನು ಆಚೆ ಕೊಡಬೇಕು ಎಂದು ತಾಕೀತು ಮಾಡಿದೆ. ಅಂದಿನಿಂದ ಒಂದು ಅಂಕಿಯೂ ಕಳೆಯಲಿಲ್ಲ. ಸಾವುಕಾರರಿಗೆ ಭಾಳ ಸಂತೋಷವಾಗಿ, ‘ಏನ್ ತಲಿರಿ ಮಾಸ್ತರ ನಿಮ್ಮದು, ಇಷ್ಟ ದೊಡ್ಡ ಮಷಿನ್‌ಗೆ ಒಂದ ಕಲ್ಲಿನ್ಯಾಗ ಔಷಧ ಕೊಟ್ರಲ್ಲಾ’ ಎಂದು ಬೆನ್ನು ತಟ್ಟಿದರು.

ನನಗೆ ನಾಚಿಕೆಯಾಯಿತು, ನಗುವೂ ಬಂತು. ಎರಡನ್ನೂ ಹಂಚಿಕೊಳ್ಳಲು ಯಾರೂ ಇರಲಿಲ್ಲ. ಮನೆಗೆ ಬಂದು ಹೆಂಡತಿ ಶಿವಲೀಲಾಳ ಮುಂದೆ ಹೇಳಿದೆ. ಅವಳು ಮಜ್ಜಿಗೆ ಕಡೆಯುತ್ತ ಪೂರ್ತಿ ಕೇಳಿ, ‘ಹೌದಲ್ಲ, ಒಬ್ರು ಮುಗಿಸಿದ ಮ್ಯಾಲೆ ಇನ್ನೊಬ್ರು ಮಾಡಬೇಕು. ಇದರಾಗ ನಗೂದ ಏನೈತ್ರಿ?’ ಎಂದಳು. ಎಡಗಡೆಯ ಲೇಥ್ ಮಷಿನಿನ ಈರಣ್ಣನಿಗೆ ಹೇಳಿದೆ. ಅವನು, ‘ಹಿತ್ತಾಳಿ ಕಲ್ಲಾ? ಅರ್ಧ ಕಿಲೋದ್ದು? ಈಗ ಅಂಥಾವು ಸಿಗಂಗಿಲ್ಲ ಬಿಡ್ರಿ’ ಎಂದ. ಈ ಕಥೆ ಕೇಳಿ ಹೊಟ್ಟೆ ಹಿಡಿದು ನಗುವವರು, ನಕ್ಕಾದ ಮೇಲೆ ಹೀಗಲ್ಲ ಹೀಗೆ ಮಾಡು ಎಂದು ದಾರಿ ಹೇಳುವವರು ಜಗತ್ತಿನಲ್ಲಿ ಎಲ್ಲೋ ಗುಂಪುಗುಂಪಾಗಿ ಇದ್ದಾರೆಂಬುದು ನನಗೆ ಗೊತ್ತಿತ್ತು. ಆ ಗುಂಪಿನಲ್ಲಿ ಒಬ್ಬರೇ ಒಬ್ಬರು ನನಗೆ ಸಿಕ್ಕಿದ್ದರೆ ಸಾಕಿತ್ತು.

ಅವರೆಲ್ಲ ಎಲ್ಲಿ ಸೇರುತ್ತಾರೆ ಎಂಬುದು ಒಂದು ಕಂಪ್ಯೂಟರ್ ಮಾಸಪತ್ರಿಕೆಯ ನಡುವೆ ಇಟ್ಟಿದ್ದ ನುಣುಪು ಕಾಗದದಿಂದ ತಿಳಿಯಿತು. ಪ್ರೋಗ್ರಾಮ್ ಬರೆಯುವವರ ದೊಡ್ಡ ಸಮ್ಮೇಳನ. ಬೆಂಗಳೂರಿನ ಪಂಚತಾರಾ ಹೋಟೆಲು, ಎರಡು ದಿನ. ಚಿತ್ರದಲ್ಲಿ ಕೊರಳಿಗೆ ಹೆಸರಿನ ಬಿಲ್ಲೆ ಹಾಕಿಕೊಂಡ ಐದಾರು ಜನ ಕೈಯಲ್ಲಿ ಕಪ್ಪು ಹಿಡಿದು, ಒಬ್ಬರ ಮಾತಿಗೆ ಉಳಿದವರೆಲ್ಲ ನಗುತ್ತಿದ್ದರು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕೆಳಗೆ ಶುಲ್ಕ ಬರೆದಿತ್ತು. ಅದರಲ್ಲಿ ಬೆಂಗಳೂರಿನ ಪಿನ್ ಕೋಡಿಗಿಂತ ಒಂದೇ ಒಂದು ಅಂಕಿ ಕಡಿಮೆ ಇತ್ತು. ರಿಯಾಯಿತಿಯೂ ಇತ್ತು, ಇಲ್ಲವೆಂದಲ್ಲ. ಒಂದೇ ಸಂಸ್ಥೆಯಿಂದ ಐವರು ಬಂದರೆ ಆರನೆಯವರಿಗೆ ಪುಕ್ಕಟೆ. ನಮ್ಮ ಸಂಸ್ಥೆಯಲ್ಲಿ ನಾನು, ಒಂದು ಟೇಬಲ್ ಫ್ಯಾನು ಮತ್ತು ಎರಡು ಕುರ್ಚಿ ಇದ್ದೆವು. ಜೊತೆಗೆ ಮಾತಾಡಲು ಐದು ಜನ ಇದ್ದವರಿಗೆ ಕಡಿಮೆ, ಒಬ್ಬರೂ ಇಲ್ಲದವನಿಗೆ ಪೂರ್ತಿ ಶುಲ್ಕ. ಈ ಲೆಕ್ಕ ಹಾಕಿದವನು ನನ್ನಂಥವನನ್ನು ಕಂಡೇ ಇರಲಿಕ್ಕಿಲ್ಲ.

ಆದರೂ ಕೈ ಚೆಲ್ಲಲಿಲ್ಲ. ಚೌಕಾಶಿ ಮಾಡದೆ ಬದನೆಕಾಯಿಯನ್ನೂ ಕೊಳ್ಳದ ಊರಿನವನು ನಾನು. ಕಾಗದವನ್ನು ತಿರುಗಿಸಿ ನೋಡಿದೆ. ಶುಲ್ಕದಲ್ಲಿ ಎರಡು ದಿನದ ಮಧ್ಯಾಹ್ನದ ಊಟ ಸೇರಿದೆ ಎಂದು ಬರೆದಿತ್ತು. ಅಲ್ಲಿಗೆ ಎಳೆ ಸಿಕ್ಕಂತಾಯಿತು. ಪಂಚತಾರಾ ಹೋಟೆಲಿನ ಊಟವೆಂದ ಮೇಲೆ ಶುಲ್ಕದ ಬಹುಪಾಲು ಅದೇ ಇರಬೇಕು. ನಮ್ಮ ಮನೆಯವರು ಊರು ಬಿಟ್ಟರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡುವವರು. ನಮ್ಮಪ್ಪ ಕಾಶಿಗೆ ಹೋಗಿ ಬರುವವರೆಗೂ ಹೊರಗಿನ ಅನ್ನ ಮುಟ್ಟಿರಲಿಲ್ಲ. ಕೂತು ಪತ್ರ ಬರೆದೆ. ‘ಮಾನ್ಯರೇ, ನಾನು ಹೊರಗೆ ಊಟ ಮಾಡುವುದಿಲ್ಲ. ನನ್ನ ಬುತ್ತಿಯನ್ನು ನಾನೇ ತರುತ್ತೇನೆ. ಊಟದ ಹೊತ್ತಿಗೆ ನಾನು ಹೊರಗೆ ಗಿಡದ ಕೆಳಗೆ ಕೂಡುವುದರಿಂದ ತಮಗೆ ತೊಂದರೆಯಾಗದು. ಕಾರಣ, ಊಟ ಕಳೆದು ಉಳಿದ ಶುಲ್ಕ ಎಷ್ಟೆಂದು ತಿಳಿಸಬೇಕಾಗಿ ವಿನಂತಿ.’ ಶಿವಲೀಲಾ ಹಿಂದೆ ನಿಂತು ಓದಿ, ‘ಚಹಾನೂ ಬ್ಯಾಡಂತ ಬರೀರಿ, ಇನ್ನಷ್ಟ ಇಳಸ್ತಾರ’ ಎಂದಳು. ಚಹಾ ಇರಲಿ ಎಂದೆ. ಆ ಚಿತ್ರದಲ್ಲಿ ಎಲ್ಲರ ಕೈಯಲ್ಲೂ ಕಪ್ಪು ಇತ್ತಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ತಮ್ಮ ಆಸಕ್ತಿಗೆ ಧನ್ಯವಾದಗಳು, ಶುಲ್ಕವನ್ನು ಬಿಡಿಬಿಡಿಯಾಗಿ ಪಡೆಯುವ ಪದ್ಧತಿ ಇಲ್ಲ ಎಂದು ಬಹಳ ನಯವಾಗಿ ಬರೆದಿದ್ದರು. ಬರೆದ ಪುಣ್ಯಾತ್ಮರಿಗೆ ನನ್ನ ರೊಟ್ಟಿಯ ಮೇಲೆ ಕನಿಕರ ಬಂದಿರಬೇಕು. ಹಿಂದಿನ ವರ್ಷದ ಸಮ್ಮೇಳನದ ಭಾಷಣಗಳೆಲ್ಲ ಇದ್ದ ಆರು ಸೀಡಿಗಳನ್ನು ಪುಕ್ಕಟೆಯಾಗಿ ಜೊತೆಗಿಟ್ಟು ಕಳಿಸಿದ್ದರು. ನನಗೆ ಸಿಟ್ಟು ಬರಲಿಲ್ಲ. ಭಾಷಣವೆಲ್ಲ ಕೈಗೆ ಬಂತು, ಬಿಟ್ಟು ಹೋದದ್ದು ಊಟ ಮಾತ್ರ, ಅದು ಹೇಗೂ ನನಗೆ ಬೇಡವಾಗಿತ್ತು ಎಂದು ಹಿಗ್ಗಿದೆ.

ಹೀಗೆ ನಾನು ಗೋಕುಲ ರಸ್ತೆಯನ್ನು ಬಿಟ್ಟು ಕದಲದೆ ಆ ಸಮ್ಮೇಳನಕ್ಕೆ ಹಾಜರಾದೆ. ಹಾಜರಾದೆ ಎಂದರೆ ಸುಮ್ಮನೆ ಸೀಡಿ ಹಾಕಿಕೊಂಡು ಕೂತೆ ಎಂದಲ್ಲ. ಗಿರಾಕಿಗಳಿಗೆ ಎರಡು ದಿನ ಊರಲ್ಲಿಲ್ಲ ಎಂದು ಹೇಳಿ, ಇಸ್ತ್ರಿ ಅಂಗಿ ಹಾಕಿ, ರಟ್ಟಿನ ತುಂಡಿಗೆ ನನ್ನ ಹೆಸರು ಬರೆದು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡು, ಬಾಗಿಲನ್ನು ಅರ್ಧ ಮುಚ್ಚಿ, ಸರಿಯಾಗಿ ಒಂಬತ್ತೂವರೆಗೆ ಕೂತೆ. ಹನ್ನೊಂದಕ್ಕೆ ಅವರು ಚಹಾಕ್ಕೆ ಎದ್ದರೆ ನಾನೂ ಎದ್ದೆ. ಭಾಷಣಕಾರರು ವಿನೋದ ಮಾಡಿದಾಗ ಅಲ್ಲಿನವರೊಂದಿಗೆ ನಾನೂ ನಕ್ಕೆ. ಒಂದೊಂದು ಸಲ ಅವರಿಗಿಂತ ಮೊದಲೇ ನಕ್ಕೆ. ಹನ್ನೆರಡೂವರೆಗೆ ಶಿವಲೀಲಾ ಬುತ್ತಿ ತಂದಾಗ ಕೈ ಎತ್ತಿ, ‘ಸುಮ್ನಿರು, ಚರ್ಚಾ ನಡದದ, ಒಂದಕ್ಕ ಊಟದ ಬಿಡುವು’ ಎಂದೆ. ಅವಳು ನನ್ನ ಕೊರಳಿನ ರಟ್ಟನ್ನೂ ಖಾಲಿ ಕುರ್ಚಿಯನ್ನೂ ನೋಡಿ, ಬುತ್ತಿ ಇಟ್ಟು ಹೋದಳು. ಸಂಜೆ ಈರಣ್ಣ ಕಟ್ಟೆಯ ಮೇಲಿಂದಲೇ ಇಣುಕಿ, ‘ಮಾಸ್ತರ, ಯಾರ ಬಂದಿದ್ರು, ನೀವು ಭಾಳ ನಗಾಕತ್ತಿದ್ರಿ’ ಎಂದ. ಮಂದಿ ಇದ್ದರು ಎಂದೆ.

ಎರಡನೆಯ ದಿನ, ನಾಲ್ಕನೆಯ ಸೀಡಿ. ಬಿಳಿ ಗಡ್ಡದ ಭಾಷಣಕಾರರೊಬ್ಬರು ಮಾತು ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಮೂರನೆಯ ಸಾಲಿನಲ್ಲಿ ನೀಲಿ ಅಂಗಿಯವನೊಬ್ಬ ಎದ್ದು ನಿಂತ. ಇಬ್ಬರು ಒಂದೇ ಪುಟವನ್ನು ಒಂದೇ ಹೊತ್ತಿಗೆ ತುಂಬಿದರೆ ಮೊದಲಿನವನದು ಅಳಿಸಿಹೋಗುತ್ತದೆ, ಬೀಗ ಹಾಕಲು ಹೋದರೆ ಇಬ್ಬರ ಪರದೆಯೂ ನಿಲ್ಲುತ್ತದೆ, ಏನು ಮಾಡಬೇಕು ಎಂದು ಕೇಳಿದ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನದೇ ಪ್ರಶ್ನೆ, ಶಬ್ದ ಶಬ್ದಕ್ಕೂ ನನ್ನದೇ. ಜಗತ್ತಿನಲ್ಲಿ ಇದರಿಂದ ಇನ್ನೊಬ್ಬನಿಗೂ ತಲೆ ಕೆಟ್ಟಿದೆ ಎಂದು ತಿಳಿದ ಆ ಗಳಿಗೆಯಲ್ಲಿ ನನ್ನ ಕಣ್ಣು ತೇವವಾದವು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಬಿಳಿ ಗಡ್ಡದವರು ಮುಗುಳ್ನಕ್ಕು, ‘ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಊಟದ ಹೊತ್ತಿಗೆ ಮಾತಾಡೋಣ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀಡಿ ಮುಗಿಯಿತು.

ಅವಸರದಿಂದ ಐದನೆಯ ಸೀಡಿ ಹಾಕಿದೆ. ಅದು ಊಟದ ನಂತರ ಶುರುವಾಗಿತ್ತು. ನೀಲಿ ಅಂಗಿಯವನು ಈಗ ಮೊದಲ ಸಾಲಿನಲ್ಲಿ ಕೂತು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದ. ಉತ್ತರ ಸಿಕ್ಕವನ ಮುಖ ಅದು. ನಾನು ಬುತ್ತಿ ಬಿಚ್ಚಲಿಲ್ಲ. ಭಾಷಣ ಸೀಡಿಯಲ್ಲಿ ಬರುತ್ತದೆ, ಪುಸ್ತಕದಲ್ಲಿ ಬರುತ್ತದೆ, ಅಂಚೆಯಲ್ಲಿ ಪುಕ್ಕಟೆ ಬರುತ್ತದೆ. ಅಷ್ಟೊಂದು ದುಡ್ಡು ಕೊಟ್ಟು ಜನ ಹೋಗುವುದು ಊಟಕ್ಕೆ. ಆ ಇಡೀ ಸಮ್ಮೇಳನದಲ್ಲಿ ನನಗೆ ಬೇಕಾಗಿದ್ದುದು ಅದೊಂದೇ ಆಗಿತ್ತು, ಅದನ್ನೇ ಕಳೆದುಬಿಡಿ ಎಂದು ನಾನು ಕೈಯಾರೆ ಬರೆದು, ಟಿಕೀಟು ಹಚ್ಚಿ ಕಳಿಸಿದ್ದೆ.

ತಡೆಯಲಾಗದೆ ಮತ್ತೊಂದು ಪತ್ರ ಹಾಕಿದೆ. ಹೋದ ವರ್ಷದ ಸಮ್ಮೇಳನದ ಎರಡನೆಯ ದಿನ ಮಧ್ಯಾಹ್ನ ಊಟದಲ್ಲಿ ನೀಲಿ ಅಂಗಿಯವರಿಗೆ ಬಿಳಿ ಗಡ್ಡದವರು ಏನು ಹೇಳಿದರೆಂದು ದಯವಿಟ್ಟು ವಿಚಾರಿಸಿ ತಿಳಿಸಿ ಎಂದು. ಇದಕ್ಕೆ ಉತ್ತರ ಬರಲಿಲ್ಲ. ಬ್ರೌಸಿಂಗ್ ಸೆಂಟರಿಗೆ ಹೋಗಿ ಇಂಟರ್ನೆಟ್ಟಿನಲ್ಲಿ ಕೇಳಿದೆ. ಮೂರು ದಿನದ ಮೇಲೆ ಯಾರೋ ಒಬ್ಬರು, ಈ ಪ್ರಶ್ನೆ ಹಿಂದೆಯೇ ಬಂದುಹೋಗಿದೆ, ಕೇಳುವ ಮೊದಲು ಹುಡುಕಿ ನೋಡಬೇಕು ಎಂದು ಗದರಿಸಿದ್ದರು. ಹುಡುಕುವಷ್ಟರಲ್ಲಿ ನನ್ನ ಅರ್ಧ ಗಂಟೆ ಮುಗಿದು, ಸೆಂಟರಿನವರು ಏಳಿಸಿದರು.

ಆಗ ಹೊಳೆಯಿತು. ಊಟಕ್ಕೆ ನಾವು ಹೋಗಲಾಗದಿದ್ದರೆ ನಾವೇ ಊಟ ಹಾಕಬಹುದಲ್ಲ. ಊಟ ಹಾಕುವುದರಲ್ಲಿ ನಮ್ಮ ಕಡೆಯವರನ್ನು ಯಾವ ಹೋಟೆಲೂ ಮೀರಿಸಲಾರದು. ‘ಪ್ರೋಗ್ರಾಮ್ ಬರೆಯುವವರ ಸಮ್ಮೇಳನ, ಗೋಕುಲ ರಸ್ತೆ, ರವಿವಾರ, ಪ್ರವೇಶ ಉಚಿತ, ಊಟದ ವ್ಯವಸ್ಥೆ ಇದೆ’ ಎಂದು ಚೀಟಿ ಅಚ್ಚು ಹಾಕಿ, ಹುಬ್ಬಳ್ಳಿಯ ಬ್ರೌಸಿಂಗ್ ಸೆಂಟರುಗಳಲ್ಲಿ ಅಂಟಿಸಿದೆ, ಧಾರವಾಡದ ಕೋಚಿಂಗ್ ಸೆಂಟರುಗಳ ಹಲಗೆಗೂ ಹಚ್ಚಿ ಬಂದೆ. ಹತ್ತು ಜನ ಬಂದಾರು ಎಂದೆ. ಶಿವಲೀಲಾ ಇಪ್ಪತ್ತು ಜನಕ್ಕೆ ಹೋಳಿಗೆ ಮಾಡಿದಳು. ಕಡಿಮೆ ಬಿದ್ದರೆ ಮನೆತನದ ಮಾನದ ಪ್ರಶ್ನೆ ಎಂದಳು. ಈರಣ್ಣನಿಂದ ಬೆಂಚು ತಂದೆ. ಇಪ್ಪತ್ತು ಬಿಲ್ಲೆ ಕತ್ತರಿಸಿ ದಾರ ಪೋಣಿಸಿಟ್ಟೆ.

ಹತ್ತಕ್ಕೆ ಒಬ್ಬರು ಬಂದರು. ಪ್ರಿಂಟರಿನ ರಿಬ್ಬನ್ ಸಿಗುತ್ತದೆಯೇ ಎಂದು ಕೇಳಿ, ಇಲ್ಲವೆಂದಾಗ ಹೋದರು. ಹನ್ನೊಂದರವರೆಗೆ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದೆ, ಮತ್ತೆ ಕಲೆಸಿ ಜೋಡಿಸಿದೆ. ಶಿವಲೀಲಾ ಮನೆಯಿಂದ ತಂದಿಟ್ಟ ಬುಟ್ಟಿಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಯಾರಿಗಾಗಿ ಎಂದುಕೊಂಡು ಅದರ ಮೇಲೆ ಬಟ್ಟೆ ಮುಚ್ಚಿದೆ. ಹನ್ನೊಂದೂಕಾಲಿಗೆ ನಲವತ್ತರ ಸಮೀಪದ ಹೆಣ್ಣುಮಗಳೊಬ್ಬರು ಕೊಡೆ ಮಡಚುತ್ತ ಬಾಗಿಲಲ್ಲಿ ನಿಂತು, ‘ಸಮ್ಮೇಳನ ಮುಗೀತೇನ್ರಿ ಸರ? ಬಸ್ ಸಿಗಲಿಲ್ಲ, ತಡಾ ಆತು’ ಎಂದರು. ಇನ್ನೂ ಶುರುವಾಗಿಲ್ಲ, ಬರ್ರಿ ಎಂದೆ. ಹೆಸರು ವಿಜಯಾ. ಧಾರವಾಡದ ಕೋಚಿಂಗ್ ಸೆಂಟರ್ ಒಂದರಲ್ಲಿ ಪರೀಕ್ಷೆಯ ಅಂಕಪಟ್ಟಿ ತೆಗೆಯುವ ಪ್ರೋಗ್ರಾಮನ್ನು ತಾವೇ ಪುಸ್ತಕ ಓದಿ ಬರೆದವರು. ನಾನು ಸ್ವಾಗತ ಭಾಷಣ ಮಾಡಿದೆ. ಮುಂದೆ ಒಬ್ಬರೇ ಕೂತಿದ್ದರೂ ‘ಎಲ್ಲರಿಗೂ ನಮಸ್ಕಾರ’ ಎಂದೆ, ಬರೆದುಕೊಂಡಿದ್ದು ಹಾಗೇ ಇತ್ತು. ಮುಕ್ಕಾಲು ಗಂಟೆ ಮಾತಾಡಿ, ಪ್ರಶ್ನೆಗಳಿದ್ದರೆ ಕೇಳಿ ಎಂದೆ.

ವಿಜಯಾ ಕೈ ಎತ್ತಿದರು. ‘ನಮ್ಮಲ್ಲೆ ಇಬ್ರು ಮಾರ್ಕ್ಸ್ ತುಂಬತೇವ್ರಿ. ಇಬ್ರೂ ಒಂದ ಹುಡುಗನ ಪುಟಾ ತಗದ್ರ, ಮೊದ್ಲ ತುಂಬಿದ್ದು ಮಾಯ ಆಗಿಬಿಡ್ತದ. ಬೀಗ ಹಾಕಿದ್ರ ಎರಡೂ ಮಷಿನ್ ನಿಂತ ಬಿಡ್ತಾವು. ಏನ್ ಮಾಡಬೇಕ್ರಿ?’

ನಾನು ಬಾಯಿ ತೆರೆದೆ. ನನಗರಿವಿಲ್ಲದೆಯೇ, ಬಿಳಿ ಗಡ್ಡದವರ ಮುಗುಳ್ನಗೆಯೇ ನನ್ನ ಮುಖಕ್ಕೂ ಬಂತು. ‘ಭಾಳ ಛಲೋ ಪ್ರಶ್ನಾ ಕೇಳಿದ್ರಿ. ಊಟಕ್ಕ ಕೂತಾಗ ಮಾತಾಡೋಣ್ರಿ’ ಎಂದೆ. ಹೇಳಿದ ಮರುಕ್ಷಣ ನನಗೇ ಅರ್ಥವಾಯಿತು. ಇಷ್ಟು ದಿನ ಯಾವುದನ್ನು ಊಟದ ಪರದೆಯ ಹಿಂದಿನ ಗುಟ್ಟು ಎಂದು ಹಲುಬಿದ್ದೆನೋ, ಅದು ಬಹುಶಃ ಇಷ್ಟೇ ಇತ್ತು. ಆ ಮಹಾನುಭಾವರಿಗೂ ಉತ್ತರ ಗೊತ್ತಿರಲಿಲ್ಲ.

ಊಟಕ್ಕೆ ಕೂತೆವು. ವಿಜಯಾ ಚೀಲದಿಂದ ಡಬ್ಬಿ ತೆಗೆದು, ‘ತಪ್ಪ ತಿಳ್ಕೋಬ್ಯಾಡ್ರಿ, ನಾ ಬುತ್ತಿ ಕಟ್ಕೊಂಡ ಬಂದೇನಿ’ ಎಂದರು. ಶಿವಲೀಲಾ ನನ್ನ ಮುಖ ನೋಡಿ, ಅವರ ತಾಟಿಗೆ ಎರಡು ಹೋಳಿಗೆ ಹಾಕಿದಳು. ಈಗ ಹೇಳಲೇಬೇಕಾಗಿತ್ತು. ತಲೆ ತಗ್ಗಿಸಿ ಹಿತ್ತಾಳೆ ಕಲ್ಲಿನ ಕಥೆ ಹೇಳಿದೆ. ಹೇಳಿ ಮುಗಿಸುವ ಮೊದಲೇ ವಿಜಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರು, ತಡೆದುಕೊಂಡರು, ಮತ್ತೆ ನಕ್ಕರು. ಕಣ್ಣೊರೆಸಿಕೊಂಡು, ‘ಸರ, ನಮ್ಮಲ್ಲೆ ಡಸ್ಟರ್ ಇಟ್ಟೇವ್ರಿ’ ಎಂದರು. ‘ಬೋರ್ಡ್ ಒರಸೂ ಡಸ್ಟರ್. ಅದು ಯಾರ ಕಡೆ ಇರ್ತದ ಅವರ ತುಂಬಬೇಕು. ಒಮ್ಮೆ ಒಬ್ರು ಮಾಸ್ತರು ಕ್ಲಾಸಿಗೆ ಒಯ್ದಬಿಟ್ರು, ಅರ್ಧಾ ದಿನ ಕೆಲಸ ಬಂದ್.’ ನಾನು ಗಂಟಲಿಗೆ ಹೋಳಿಗೆ ಸಿಕ್ಕುವಂತೆ ನಕ್ಕೆ. ಶಿವಲೀಲಾ ನೀರು ಕೊಟ್ಟು, ಇಬ್ಬರನ್ನೂ ನೋಡಿ, ಏನೂ ತಿಳಿಯದಿದ್ದರೂ ತಾನೂ ನಕ್ಕಳು. ಉತ್ತರ ಇಬ್ಬರಿಗೂ ಗೊತ್ತಿರಲಿಲ್ಲ. ಹಾಳಾದ ಮಷಿನನ್ನು ಮೂರು ಗಂಟೆಯವರೆಗೆ ಮನಸಾರೆ ಬೈದೆವು. ನನ್ನ ಜನ್ಮದಲ್ಲಿ ಅಂಥ ಊಟ ಮಾಡಿರಲಿಲ್ಲ.

ಹೊರಡುವಾಗ ವಿಜಯಾ, ‘ಮುಂದಿನ ವರ್ಷ ಫೀ ಇಡ್ರಿ ಸರ. ಪುಕ್ಕಟ ಅಂದ್ರ ಮಂದಿ ನಂಬಂಗಿಲ್ಲ’ ಎಂದರು. ಮುಂದಿನ ವರ್ಷ ಊಟ ಸೇರಿ ಐವತ್ತು ರೂಪಾಯಿ ಎಂದು ಇಟ್ಟೆ. ಅಷ್ಟರಲ್ಲಿ ಗಂಡನಿಗೆ ವರ್ಗವಾಗಿ ವಿಜಯಾ ಬೆಳಗಾವಿಗೆ ಹೋಗಿದ್ದರು. ಬರಲಾಗದು ಎಂದು ಒಂದು ಕಾರ್ಡು ಬಂತು, ಅದರ ಮೂಲೆಯಲ್ಲಿ ಸಣ್ಣದೊಂದು ಡಸ್ಟರಿನ ಚಿತ್ರ ಬರೆದಿದ್ದರು. ಬೇರೆ ಯಾರೂ ಹೆಸರು ಕೊಡಲಿಲ್ಲ. ನಾಲ್ಕು ದಿನ ಇದೆ ಎನ್ನುವಾಗ ಉಪ್ಪಿನಬೆಟಗೇರಿಯಿಂದ ಒಂದು ಪತ್ರ. ಅಲ್ಲಿನ ಹಾಲಿನ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಂತೆ, ತಮ್ಮಷ್ಟಕ್ಕೇ ಪ್ರೋಗ್ರಾಮ್ ಬರೆಯುತ್ತಾರಂತೆ. ‘ಮಾನ್ಯರೇ, ನಾನು ಹೊರಗೆ ಉಣ್ಣುವವನಲ್ಲ. ರೊಟ್ಟಿ ಕಟ್ಟಿಕೊಂಡು ಬರುತ್ತೇನೆ. ಊಟ ಕಳೆದು ಉಳಿದ ಶುಲ್ಕ ಎಷ್ಟೆಂದು ತಿಳಿಸಬೇಕು.’

ಕಪಾಟಿನಿಂದ ಬೆಂಗಳೂರಿನವರ ಹಳೆಯ ಪತ್ರ ತೆಗೆದು, ಅದರ ನಯವನ್ನೇ ನೋಡಿಕೊಂಡು ಒಂದು ಸಾಲು ಬರೆದೂಬಿಟ್ಟೆ. ಶುಲ್ಕವನ್ನು ಬಿಡಿಬಿಡಿಯಾಗಿ ಪಡೆಯುವ ಪದ್ಧತಿ ಇಲ್ಲ ಎಂದು. ಸಂಘಟಕನ ಗತ್ತು ಎಷ್ಟು ಬೇಗ ಬರುತ್ತದೆ ನೋಡಿ. ಓದಿಕೊಂಡು ನಾಚಿ ಹರಿದು ಹಾಕಿದೆ. ಬೇರೆ ಬರೆದೆ. ‘ಶುಲ್ಕ ಬೇಡ. ಭಾಷಣ ಬೇಡ. ಸಮ್ಮೇಳನವನ್ನೇ ಬಿಟ್ಟುಬಿಡಿ. ಊಟಕ್ಕೆ ಮಾತ್ರ ತಪ್ಪದೆ ಬರಬೇಕು, ಯಾವ ದಿನವಾದರೂ ಸರಿ, ಮಧ್ಯಾಹ್ನ ಒಂದಕ್ಕೆ. ರೊಟ್ಟಿ ನಿಮ್ಮದಿರಲಿ, ಪಲ್ಯ ನಮ್ಮದು. ನೀವು ಕೇಳಬೇಕೆಂದಿರುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ ಎಂದು ಮೊದಲೇ ತಿಳಿಸಿರುತ್ತೇನೆ.’

ಪತ್ರ ಹಾಕಿ ಎರಡು ತಿಂಗಳಾಯಿತು. ಸುಗ್ಗಿ ಇರಬೇಕು, ಬಸ್ಸು ಸಿಕ್ಕಿರಲಿಕ್ಕಿಲ್ಲ, ಬರುತ್ತಾರೆ ಎಂದು ದಿನಾ ಅಂದುಕೊಳ್ಳುತ್ತೇನೆ. ಶಿವಲೀಲಾ ಕೇಳದೆಯೇ ಬುತ್ತಿಗೆ ಒಬ್ಬರ ಪಲ್ಯ ಹೆಚ್ಚು ಹಾಕುತ್ತಾಳೆ, ಅವರು ರೊಟ್ಟಿ ಮರೆತು ಬಂದರೆ ಎಂದು ಎರಡು ರೊಟ್ಟಿಯನ್ನೂ ಸೇರಿಸುತ್ತಾಳೆ. ಒಂದರಿಂದ ಒಂದೂವರೆಯವರೆಗೆ ಬಾಗಿಲ ಕಡೆ ಮುಖ ಮಾಡಿ ಕಾಯುತ್ತೇನೆ. ಆಮೇಲೆ ಕೆಡಬಾರದೆಂದು ಅವರ ಪಾಲನ್ನೂ ನಾನೇ ಮುಗಿಸುತ್ತೇನೆ. ಸಮ್ಮೇಳನದ ಬಿಲ್ಲೆ ಈಗಲೂ ಕೊರಳಿಗೆ ಸರಿಯಾಗಿದೆ, ಪ್ಯಾಂಟು ಮಾತ್ರ ಬಿಗಿಯಾಗಿದೆ.